ಇಡೀ ಊರಿನ ಕರೆಂಟ್ ಹೋದಾಗ: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿಯವರಿಗೆ ಕರೆಂಟ್ ಹೋಗುವುದೇನೂ ಹೊಸತಲ್ಲ. ಜೂನ್ ತಿಂಗಳ ಗಾಳಿಮಳೆಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಎರಡು ಮೂರು ತಾಸು ಕತ್ತಲೆ. ಇನ್ವರ್ಟರ್ ಇದ್ದ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ದೊಡ್ಡ ನಿಲುಗಡೆಯ ದಿನ ನಮಗೆ ಕೈಕೊಡುವುದು ಇದೇ ಅಭ್ಯಾಸ. ಲೈಟು ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಹೇಗೂ ಈಗ ಬರುತ್ತದೆ ಎಂದು ಎಲ್ಲರೂ ಟಿವಿ ನೋಡುತ್ತಾ ಕೂರುತ್ತಾರೆ. ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬರುತ್ತದೆ.

ಹನ್ನೆರಡು ತಾಸು ದಾಟಿದ ನಿಲುಗಡೆಯಲ್ಲಿ ಬೆಳಕಿನ ಚಿಂತೆ ಚಿಕ್ಕದು. ಮೊದಲು ಮುಗಿಯುವುದು ನೀರು, ಆಮೇಲೆ ಫೋನಿನ ಚಾರ್ಜ್, ಆಮೇಲೆ ಫ್ರಿಜ್ಜಿನ ತಂಪು. ಈ ಮೂರನ್ನು ಮೊದಲ ಒಂದು ತಾಸಿನಲ್ಲಿ ಕಾಪಾಡಿಕೊಂಡವರಿಗೆ ಉಳಿದ ಹೊತ್ತು ಕಷ್ಟವಲ್ಲ, ಬರೀ ಬೇಸರ.

ಕರೆಂಟ್ ಹೋದದ್ದು ಎಲ್ಲಿ?

ಎಷ್ಟು ಹೊತ್ತಿಗೆ ಬರಬಹುದು ಎಂಬ ಅಂದಾಜು ಸಿಕ್ಕಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಆ ಅಂದಾಜಿಗೆ ಒಳಗಿನಿಂದ ಹೊರಗೆ ನೋಡುತ್ತಾ ಹೋಗಬೇಕು.

ಮೊದಲು ನಿಮ್ಮ ಮನೆಯ ಬೋರ್ಡ್. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಅಥವಾ ಎಂಸಿಬಿ (ಭಾರ ಹೆಚ್ಚಾದರೆ ಬೀಳುವ ಸ್ವಿಚ್) ಕೆಳಗೆ ಬಿದ್ದಿದ್ದರೆ ತೊಂದರೆ ಮನೆಯೊಳಗೇ ಇದೆ. ಮಳೆಗಾಲದಲ್ಲಿ ಗೋಡೆ ನೆನೆದು ಆರ್‌ಸಿಸಿಬಿ ಬೀಳುವುದು ನಮ್ಮ ಕಡೆ ಮಾಮೂಲು. ಬಿದ್ದದ್ದನ್ನು ಮತ್ತೆ ಮತ್ತೆ ಎತ್ತಬೇಡಿ. ಎಲ್ಲ ಎಂಸಿಬಿಗಳನ್ನು ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಬಳಿಕ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ. ಯಾವುದನ್ನು ಹಾಕಿದಾಗ ಮತ್ತೆ ಬೀಳುತ್ತದೋ ಆ ಲೈನನ್ನು ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ.

ನಿಮ್ಮ ಬೋರ್ಡ್ ಸರಿಯಿದ್ದು, ಪಕ್ಕದ ಮನೆಯಲ್ಲಿ ಲೈಟು ಉರಿಯುತ್ತಿದ್ದರೆ ಒಂದು ಫೇಸ್ ಮಾತ್ರ ಹೋಗಿರಬಹುದು. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಮೂರು ಫೇಸುಗಳನ್ನು ಮನೆಗಳಿಗೆ ಹಂಚಿರುತ್ತಾರೆ. ಹೆಚ್ಚಾಗಿ ಫ್ಯೂಸ್ ಹಾಕಿದರೆ ಮುಗಿಯುವ ಕೆಲಸ ಅದು. ಇಡೀ ಬೀದಿ ಕತ್ತಲೆಯಾಗಿದ್ದರೆ 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಟ್ರಾನ್ಸ್‌ಫಾರ್ಮರ್‌ಗಳಿಗೆ ಬರುವ ಮುಖ್ಯ ತಂತಿ, ಹೋಗಿರಬಹುದು. ಎಲ್ಲೋ ಮರ ಬಿದ್ದಿದ್ದರೆ ಅದನ್ನು ಕಡಿದು, ತಂತಿ ಎಳೆದು ಕಟ್ಟುವವರೆಗೆ ಅರ್ಧ ದಿನವೂ ಆಗಬಹುದು. ಕಂಬಗಳು ಸಾಲಾಗಿ ಮುರಿದಿದ್ದರೆ ಒಳನಾಡಿನ ಮನೆಗಳಿಗೆ ಒಂದೆರಡು ದಿನವೂ ಹಿಡಿಯುತ್ತದೆ.

ಆಮೇಲೆ ದೂರದ ನೆಂಟರೊಬ್ಬರಿಗೆ ಫೋನ್ ಮಾಡಿ. ಸುರತ್ಕಲ್‌ನಲ್ಲೂ ಇಲ್ಲ, ಕಾರ್ಕಳದಲ್ಲೂ ಇಲ್ಲ, ಕುಂದಾಪುರದಲ್ಲೂ ಇಲ್ಲ ಎಂದಾದರೆ ತೊಂದರೆ ಮೇಲಿನದು: ರಾಜ್ಯದ ವಿದ್ಯುತ್ ಸಾಗಣೆ ಸಂಸ್ಥೆ ಕೆಪಿಟಿಸಿಎಲ್‌ನ ಪ್ರಸರಣ ಮಾರ್ಗ, ಇಲ್ಲವೇ ಗ್ರಿಡ್, ಅಂದರೆ ವಿದ್ಯುತ್ ಸ್ಥಾವರಗಳನ್ನೂ ಊರುಗಳನ್ನೂ ಹೆಣೆದ ದೊಡ್ಡ ತಂತಿಜಾಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ ನಾವು ಪಾರಾದೆವು, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿಯೇ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ಎರಡೂ ಒಂದಾದವು. ಈಗ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಗ್ರಿಡ್. ಇದರಿಂದ ಲಾಭವೇ ಹೆಚ್ಚು, ಆದರೆ ಅಂದಿನ ಆ ರಕ್ಷಣೆ ಇಂದು ಇಲ್ಲ.

ಗ್ರಿಡ್ ಕುಸಿದರೆ ಒಂದು ಸ್ವಿಚ್ ಒತ್ತಿ ಹಿಂದೆ ತರಲಾಗುವುದಿಲ್ಲ. ಯೆಲ್ಲೂರಿನ 1200 ಮೆಗಾವ್ಯಾಟ್ ಸ್ಥಾವರದಂಥ ಕಲ್ಲಿದ್ದಲು ಘಟಕ ಶುರುವಾಗಬೇಕಾದರೆ ಅದರ ಪಂಪು, ಬೃಹತ್ ಫ್ಯಾನುಗಳಿಗೆ ಹೊರಗಿನಿಂದ ಕರೆಂಟ್ ಬೇಕು. ಜಲವಿದ್ಯುತ್ತಿಗೆ ಆ ಹಂಗು ಕಡಿಮೆ. ಗೇಟು ತೆರೆದು ನೀರು ಬಿಟ್ಟರೆ ಟರ್ಬೈನ್ ತಿರುಗುತ್ತದೆ. ಹಾಗಾಗಿ ಮೊದಲು ಜಲವಿದ್ಯುತ್ ಘಟಕಗಳು, ಅವುಗಳಿಂದ ಉಷ್ಣ ಸ್ಥಾವರಗಳು, ಆಮೇಲೆ ಸಬ್‌ಸ್ಟೇಷನ್‌ಗಳು, ಫೀಡರ್‌ಗಳು, ಕೊನೆಗೆ ನಿಮ್ಮ ಮನೆ. ಪ್ರತಿ ಮೆಟ್ಟಿಲಲ್ಲೂ ಉತ್ಪಾದನೆ ಮತ್ತು ಬಳಕೆ ಸರಿತೂಗಬೇಕು. 2025ರ ಏಪ್ರಿಲ್ 28ರಂದು ಮಧ್ಯಾಹ್ನ 12.33ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದಾಗ ಬಹುಪಾಲು ಜನರಿಗೆ ಕರೆಂಟ್ ಬಂದದ್ದು ಮರುದಿನ ಬೆಳಗಾಗುವ ಹೊತ್ತಿಗೆ. ಇಂಥ ನಿಲುಗಡೆಗೆ ಒಂದು ಹಗಲು, ಒಂದು ರಾತ್ರಿ ಎಂದು ಲೆಕ್ಕ ಹಾಕಿಕೊಂಡರೆ ತಪ್ಪಾಗದು.

ನಮ್ಮ ಕಡೆಗೆ ಕರೆಂಟ್ ಕೊಡುವ ಮೆಸ್ಕಾಂನ ಸಹಾಯವಾಣಿ 1912. ಕರೆ ಮಾಡುವಾಗ ಬಿಲ್ಲಿನಲ್ಲಿರುವ ಸಂಖ್ಯೆ, ಹತ್ತಿರದ ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಏನು ಕಂಡಿತು ಎಂಬುದನ್ನು ಹೇಳಿ. ಇಲ್ಲೊಂದು ನನ್ನ ಅಭಿಪ್ರಾಯ: ಎರಡು ಜಿಲ್ಲೆಗಳಲ್ಲೂ ಕರೆಂಟ್ ಇಲ್ಲ ಎಂದು ಗೊತ್ತಾದ ಮೇಲೆ 1912ಕ್ಕೆ ಕರೆ ಮಾಡಿ "ಯಾವಾಗ ಬರ್ತದೆ?" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ರಸ್ತೆಗೆ ಬಿದ್ದ ತಂತಿಯ ಸುದ್ದಿ ಮುಟ್ಟಿಸಲು ಇನ್ನೊಬ್ಬರಿಗೆ ಆ ಲೈನು ಬೇಕಾಗಿರುತ್ತದೆ.

ಮೊದಲ ಹತ್ತು ನಿಮಿಷ

ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆಯೇ ನೋಡಿ. ಹೊಸ ಲಿಫ್ಟ್‌ಗಳು ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯುತ್ತವೆ. ಹಳೆಯವು ನಿಂತಲ್ಲೇ ನಿಲ್ಲುತ್ತವೆ. ಒಳಗಿದ್ದವರು ಬಾಗಿಲು ಎಳೆದು ಹಾರಲು ಹೋಗಬಾರದು. ಅಪಾಯ ಇರುವುದು ಹಾಗೆ ಹೊರಬರುವ ಪ್ರಯತ್ನದಲ್ಲಿ. ಗಾಳಿಯಾಡಲು ಲಿಫ್ಟ್‌ನಲ್ಲಿ ಕಿಂಡಿಗಳಿರುತ್ತವೆ, ಉಸಿರುಕಟ್ಟುವ ಭಯ ಬೇಡ ಎಂದು ಹೊರಗಿನಿಂದ ಮಾತಾಡುತ್ತಾ ಇರಿ.

ಮನೆಯೊಳಗೆ ಏಸಿ, ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಫ್ರಿಜ್, ಪಂಪ್ ಎಲ್ಲದರ ಸ್ವಿಚ್ ಆಫ್ ಮಾಡಿ. ಇನ್ವರ್ಟರ್‌ಗೆ ಸೇರದ ಒಂದು ಬಲ್ಬಿನ ಸ್ವಿಚ್ ಮಾತ್ರ ಆನ್ ಇರಲಿ, ಕರೆಂಟ್ ಬಂದದ್ದು ಗೊತ್ತಾಗುತ್ತದೆ. ಸಿಡಿಲು ಗುಡುಗು ಇದ್ದರೆ ಟಿವಿ, ರೂಟರ್, ಡಿಶ್ ಕೇಬಲ್ ಎಲ್ಲವನ್ನೂ ಪ್ಲಗ್‌ನಿಂದಲೇ ಕೀಳಬೇಕು. ಆದರೆ ಸಿಡಿಲು ನೆತ್ತಿಯ ಮೇಲೆ ಬಂದಾಗ ವೈರು ಮುಟ್ಟಲು ಹೋಗಬೇಡಿ, ಅದು ಮೋಡ ಕಟ್ಟುವಾಗಲೇ ಮಾಡುವ ಕೆಲಸ.

ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳಿಗೆ ಈಗಲೇ ಒಂದು ಸಂದೇಶ ಹಾಕಿಬಿಡಿ: "ಊರಿಡೀ ಕರೆಂಟ್ ಇಲ್ಲ. ನಾವು ಆರಾಮ. ಫೋನ್ ಸ್ವಿಚ್ ಆಫ್ ಬಂದರೆ ಗಾಬರಿ ಬೇಡ, ನಾಳೆ ಬೆಳಿಗ್ಗೆ ನಾವೇ ಮಾಡುತ್ತೇವೆ." ಈ ಒಂದು ಸಾಲು ಇಲ್ಲದ ಕಾರಣ ಎಷ್ಟು ಫೋನುಗಳು ರಾತ್ರಿಯಿಡೀ ರಿಂಗಾಗಿ ಚಾರ್ಜ್ ಕಳೆದುಕೊಳ್ಳುತ್ತವೆ!

ನೀರು

ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಕಿಂಡಿ ಅಣೆಕಟ್ಟಿನಿಂದ, ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆಯಿಂದ. ಎರಡೂ ಕಡೆ ನೀರನ್ನು ಪಂಪ್ ಮಾಡಿಯೇ ಮೇಲೆತ್ತಬೇಕು. ನಿಮ್ಮ ಮನೆಯಲ್ಲಿ ಜನರೇಟರ್ ಇದ್ದರೂ ಅಲ್ಲಿ ಕರೆಂಟ್ ಇಲ್ಲದಿದ್ದರೆ ಸಂಪಿಗೆ ಹೊಸ ನೀರು ಬರುವುದಿಲ್ಲ. ಟ್ಯಾಂಕಿನಲ್ಲಿ ಇದ್ದದ್ದೇ ನಿಮ್ಮ ಆಸ್ತಿ.

ಟ್ಯಾಂಕಿನ ನೀರು ತಾನಾಗಿ ಕೆಳಗಿಳಿಯುವಾಗಲೇ ಕುಡಿಯುವುದಕ್ಕೂ ಅಡುಗೆಗೂ ಬೇಕಾದಷ್ಟು ಮೊದಲು ತುಂಬಿಸಿಡಿ. ಒಬ್ಬರಿಗೆ ದಿನಕ್ಕೆ ಐದು ಲೀಟರ್ ಲೆಕ್ಕ. ನಾಲ್ಕು ಜನರ ಮನೆಗೆ ಎರಡು ದಿನಕ್ಕೆ 40 ಲೀಟರ್, ಅಂದರೆ ಎರಡು ಮೂರು ಕೊಡಪಾನ. ಹಿಡಿತದಲ್ಲಿ ಖರ್ಚು ಮಾಡಿದರೆ ಪಾತ್ರೆ, ಸ್ನಾನ, ಶೌಚ ಎಲ್ಲ ಸೇರಿ ಒಬ್ಬರಿಗೆ 25ರಿಂದ 30 ಲೀಟರ್‌ನಲ್ಲಿ ದಿನ ದೂಡಬಹುದು. ಫ್ಲಶ್ ಬಟನ್ ಒತ್ತಬೇಡಿ, ಬಾಲ್ದಿಯಲ್ಲಿ ಹೊಯ್ಯಿರಿ. ಪಾತ್ರೆ ತೊಳೆದ ನೀರು ಶೌಚಾಲಯಕ್ಕೆ ಧಾರಾಳ ಸಾಕು. ಬಾಳೆಲೆಯಲ್ಲಿ ಊಟ ಮಾಡಿದರೆ ತಟ್ಟೆ ತೊಳೆಯುವ ನೀರೂ ಉಳಿಯಿತು.

ಅಪಾರ್ಟ್‌ಮೆಂಟಿನಲ್ಲಿ ಇದು ಒಬ್ಬರ ಕೈಯಲ್ಲಿಲ್ಲ. ಸುದ್ದಿ ಹರಡಿದ ಕೂಡಲೇ ನಲ್ವತ್ತು ಮನೆಯವರು ಏಕಕಾಲಕ್ಕೆ ಎಲ್ಲ ಬಾಲ್ದಿ ತುಂಬಿಸಿದರೆ ಮೇಲಿನ ಟ್ಯಾಂಕ್ ಒಂದು ತಾಸಿನಲ್ಲಿ ಖಾಲಿ. ಮೊದಲು ತುಂಬಿಸಿದವರಲ್ಲಿ ಅಗತ್ಯಕ್ಕಿಂತ ಹೆಚ್ಚು ನೀರು, ಆಫೀಸಿನಿಂದ ತಡವಾಗಿ ಬಂದವರಿಗೆ ಒಂದು ಲೋಟವೂ ಇಲ್ಲ. ಇದಕ್ಕೆ ಅಸೋಸಿಯೇಷನ್‌ನವರು ಮುಖ್ಯ ವಾಲ್ವ್ ಮುಚ್ಚಿ, ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಮಾತ್ರ ತೆರೆಯಬೇಕು. ಬೈಗುಳ ತಿನ್ನಬೇಕಾಗುತ್ತದೆ, ತಿನ್ನಿ. ಜನರೇಟರಿನ ಡೀಸೆಲ್‌ನಲ್ಲಿ ಮೊದಲ ಪಾಲು ಸಂಪಿನಿಂದ ನೀರೆತ್ತುವ ಪಂಪಿಗೆ, ಎರಡನೆಯದು ಲಿಫ್ಟಿಗೆ, ಅದೂ ವಯಸ್ಸಾದವರಿಗೆ ಗೊತ್ತಾದ ಹೊತ್ತಿನಲ್ಲಿ ಮಾತ್ರ. ಕಾರಿಡಾರಿನ ಅಲಂಕಾರದ ದೀಪಗಳು ಆರಿದರೆ ಯಾರಿಗೂ ನಷ್ಟವಿಲ್ಲ.

ಬಾವಿ ಇರುವ ಮನೆಗಳು ಭಾಗ್ಯವಂತರದ್ದು, ಬಾವಿಯಿಂದ ಕೈಯಲ್ಲಿ ಸೇದಲು ಬರುವಂತಿದ್ದರೆ. ಪಂಪ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ರಾಟೆ ಅಟ್ಟ ಸೇರಿದೆ, ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ವೆಲ್ಡಿಂಗ್ ಮಾಡಿದ್ದಾರೆ. ಜಾಲರಿ ಬೇಕು, ಮಕ್ಕಳು ಬೀಳಬಾರದಲ್ಲ. ಆದರೆ ಒಂದು ಕೊಡ ಇಳಿಯುವಷ್ಟು ದೊಡ್ಡ, ಬೀಗ ಹಾಕಬಹುದಾದ ಬಾಗಿಲು ಅದರಲ್ಲಿ ಇರಲೇಬೇಕು. ರಾಟೆಗೆ ಎಣ್ಣೆ, ಮೇಲಿನ ಅಡ್ಡ ಕಂಬಿ ತುಕ್ಕು ಹಿಡಿದಿಲ್ಲವೇ ಎಂಬ ಪರೀಕ್ಷೆ, ಬಾವಿಯ ಆಳಕ್ಕಿಂತ ಒಂದು ಮಾರು ಉದ್ದದ ಹಗ್ಗ, ಇಷ್ಟು ಸಾಕು. ಜುಲೈಯಲ್ಲಿ ಕೈಗೆಟಕುವಂತೆ ನಿಲ್ಲುವ ನೀರು ಏಪ್ರಿಲ್‌ನಲ್ಲಿ ಪಾತಾಳ ಕಂಡಿರುತ್ತದೆ, ಹಗ್ಗ ಕೊಳ್ಳುವಾಗ ಏಪ್ರಿಲ್ ನೆನಪಿರಲಿ. ಏನೇ ಆದರೂ ಪೆಟ್ರೋಲ್ ಪಂಪ್‌ಸೆಟ್ಟನ್ನು ಬಾವಿಯೊಳಗಿನ ಕಟ್ಟೆಯಲ್ಲಿಟ್ಟು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಾವಿಯಲ್ಲೇ ನಿಲ್ಲುತ್ತದೆ, ಇಳಿದವರು ಮೇಲೆ ಬರುವುದಿಲ್ಲ.

ಮಳೆಗಾಲದಲ್ಲಾದರೆ ಸೂರಿನ ನೀರು ಎಂಬ ದೊಡ್ಡ ಅನುಕೂಲ ಉಂಟು. ಹತ್ತು ಚದರ ಮೀಟರ್ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರ್ ಆಗುತ್ತದೆ. ನಮ್ಮ ಜಡಿಮಳೆಗೆ ಅದೇನು ದೊಡ್ಡದಲ್ಲ. ಸೂರಿನಡಿ ಒಂದು ಡ್ರಮ್ ಇಟ್ಟರೆ ಶೌಚಕ್ಕೂ ನೆಲ ಒರೆಸಲಿಕ್ಕೂ ಬೇರೆ ನೀರು ಬೇಡ. ಕುಡಿಯಲು ಮಾತ್ರ ಅದು ಬೇಡ. ಆರ್‌ಓ, ಯುವಿ ಫಿಲ್ಟರ್‌ಗಳು ಕರೆಂಟ್ ಇಲ್ಲದೆ ನಿಲ್ಲುವುದರಿಂದ ಕುಡಿಯುವ ನೀರನ್ನು ಕುದಿಸಲೇಬೇಕು. ಬಾವಿಗೆ ನೆರೆನೀರು ನುಗ್ಗಿದ್ದರಂತೂ ಶುದ್ಧೀಕರಿಸುವವರೆಗೆ ಅದನ್ನು ಬಾಯಿಗೆ ತರಬೇಡಿ.

ಇನ್ವರ್ಟರಿನ ಲೆಕ್ಕ

150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ತಾಸು ಶಕ್ತಿ ಇದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಇನ್ವರ್ಟರೂ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು 1200. ಹಳೆಯ ಬ್ಯಾಟರಿಯಾದರೆ ಅದಕ್ಕಿಂತ ಕಡಿಮೆ.

ಎರಡು ಹಳೆಯ ಸೀಲಿಂಗ್ ಫ್ಯಾನ್ (ತಲಾ 75 ವ್ಯಾಟ್), ನಾಲ್ಕು ಎಲ್‌ಇಡಿ ಬಲ್ಬ್ (ತಲಾ 9), ಒಂದು ರೂಟರ್ (10) ಸೇರಿ ಸುಮಾರು 196 ವ್ಯಾಟ್. ಆರು ತಾಸಿಗೆ ಮುಗಿಯಿತು. ಅದೇ ಫ್ಯಾನುಗಳು ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಹೊಸ ಬಗೆಯವು ಆಗಿದ್ದರೆ (ತಲಾ 30 ವ್ಯಾಟ್) ಹನ್ನೊಂದು ತಾಸು. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿ, ಒಂದು ಬಿಎಲ್‌ಡಿಸಿ ಫ್ಯಾನು, ಒಂದು ಬಲ್ಬ್ ಮಾತ್ರ ಇಟ್ಟುಕೊಂಡರೆ ಇಡೀ ದಿನ ದಾಟಿ ಮರುದಿನಕ್ಕೂ ಬರುತ್ತದೆ. ಹಾಗಾಗಿ ನಿಲುಗಡೆ ದೊಡ್ಡದು ಎಂದು ಗೊತ್ತಾದ ಕ್ಷಣ ಟಿವಿ ಆಫ್ ಮಾಡಿ, ಹಗಲಿನಲ್ಲಿ ಇನ್ವರ್ಟರನ್ನೇ ಆಫ್ ಮಾಡಿ. ಮಧ್ಯಾಹ್ನ ಪಶ್ಚಿಮದ ಕಿಟಕಿ ತೆರೆದರೆ ಕಡಲಗಾಳಿ ಪುಕ್ಕಟೆ. ಫ್ಯಾನು ನಿಜವಾಗಿ ಬೇಕಾಗುವುದು ರಾತ್ರಿ.

ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ತಾಸು ಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ನಡುವೆ ಒಂದು ತಾಸು ಕರೆಂಟ್ ಬಂದು ಹೋದರೆ ಬ್ಯಾಟರಿ ತುಂಬಿತು ಎಂದುಕೊಳ್ಳಬೇಡಿ.

ಛಾವಣಿಯ ಮೇಲೆ ಸೋಲಾರ್ ಹಾಕಿಸಿದವರಿಗೊಂದು ನಿರಾಶೆಯ ಸುದ್ದಿ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಸುಡು ಬಿಸಿಲಿದ್ದರೂ. ಅದು ಕೆಟ್ಟದ್ದಲ್ಲ, ಹಾಗೆಯೇ ಮಾಡಿರುವುದು. ನಿಮ್ಮ ಛಾವಣಿಯ ಕರೆಂಟ್ ಹೊರಗಿನ ತಂತಿಗೆ ಹರಿದರೆ ಅಲ್ಲಿ ಕೆಲಸ ಮಾಡುವ ಪವರ್‌ಮ್ಯಾನ್‌ನ ಜೀವ ಹೋಗುತ್ತದೆ. ಬಾಡಿಗೆ ಜನರೇಟರ್ ತಂದು ಅದರ ವೈರನ್ನು ಮನೆಯ ಸಾಕೆಟ್ಟಿಗೆ ಚುಚ್ಚುವುದೂ ಅಷ್ಟೇ ಅಪಾಯ. ಚೇಂಜ್‌ಓವರ್ ಸ್ವಿಚ್ (ಹೊರಗಿನ ತಂತಿ, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದಿದ್ದರೆ ಜನರೇಟರಿನಿಂದ ನೇರ ಎಕ್ಸ್‌ಟೆನ್ಷನ್ ಎಳೆದು ಬೇಕಾದ ಉಪಕರಣಕ್ಕೆ ಮಾತ್ರ ಕೊಡಿ. ಜನರೇಟರ್ ಇರಬೇಕಾದ್ದು ಅಂಗಳದಲ್ಲಿ, ಕಿಟಕಿಗಳಿಂದ ದೂರ. ಮಳೆ ಬರುತ್ತದೆಂದು ಚಾವಡಿಗೋ ಗ್ಯಾರೇಜಿಗೋ ಎಳೆದು ತಂದರೆ ಮನೆಯವರೆಲ್ಲ ನಿದ್ದೆಯಲ್ಲೇ ವಿಷಗಾಳಿ ಕುಡಿಯುತ್ತಾರೆ.

ಫ್ರಿಜ್ ಮತ್ತು ಅಡುಗೆಮನೆ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ತಾಸು ತಂಪಾಗಿರುತ್ತದೆ. ಫ್ರೀಜರ್ ತುಂಬಿದ್ದರೆ 48 ತಾಸು, ಅರ್ಧ ಖಾಲಿ ಇದ್ದರೆ 24. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಮೊದಲೇ ಗಟ್ಟಿಯಾಗಿಸಿದ್ದರೆ ಅದೇ ಮಂಜುಗಡ್ಡೆ, ಕರಗಿದ ಮೇಲೆ ಅದೇ ಕುಡಿಯುವ ನೀರು.

ಮೀನಿನ ವಿಷಯದಲ್ಲಿ ಮುಲಾಜು ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಹಾಗಾಗಿ ಆ ಎರಡು ತಿಂಗಳಿಗೆಂದು ಫ್ರೀಜರಿನಲ್ಲಿ ಕೂಡಿಟ್ಟ ಬಂಗುಡೆಯ ಮೇಲೆ ಎಲ್ಲರಿಗೂ ಮಮತೆ ಜಾಸ್ತಿ. ಇನ್ನೂ ಮಂಜಿನ ಹರಳು ಇದ್ದರೆ ಅಂದೇ ಬೇಯಿಸಿ ತಿನ್ನಿ. ಪೂರ್ತಿ ಕರಗಿ ಬೆಚ್ಚಗಾಗಿ ಎರಡು ತಾಸು ದಾಟಿದ್ದರೆ ಎಸೆಯಿರಿ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳು ಬೆಚ್ಚಗೆ ಕೂತರೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಹುರಿದರೂ, ಎಷ್ಟು ಹುಳಿ ಖಾರ ಹಾಕಿದರೂ ಅದು ಹೋಗುವುದಿಲ್ಲ. ಮೈಯೆಲ್ಲ ಕೆಂಪೇರಿ, ತಲೆ ಸಿಡಿದು, ವಾಂತಿಯಾಗುತ್ತದೆ. ನಾತ ಬರದಿದ್ದರೂ ಇದು ಇರಬಹುದು, ಮೂಗನ್ನು ನಂಬಬೇಡಿ.

ಅಡುಗೆಗೆ ಗ್ಯಾಸ್ ಇದೆ, ಮಿಕ್ಸಿ ಇಲ್ಲ. ಕರಾವಳಿಯ ಅಡುಗೆಗೆ ಇದು ದೊಡ್ಡ ಪೆಟ್ಟು, ಕಾಯಿ ಕಡೆಯದೆ ನಮಗೆ ಪದಾರ್ಥ ಇಲ್ಲವಲ್ಲ! ಕಡೆಯುವ ಕಲ್ಲು ಇದ್ದರೆ ಸಂತೋಷ. ಇಲ್ಲದಿದ್ದರೆ ಎರಡು ದಿನ ಕಾಯಿ ಬಿಡುವುದೇ ಜಾಣತನ, ಯಾಕೆಂದರೆ ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು ಫ್ರಿಜ್ ಇಲ್ಲದೆ ಎಲ್ಲಕ್ಕಿಂತ ಬೇಗ ಹಳಸುತ್ತದೆ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಹುರುಳಿ ಸಾರು. ಮೀನು ಬೇಕೇ ಬೇಕು ಎನ್ನುವವರಿಗೆ ಒಣಮೀನಿದೆ. ಕುಚ್ಚಲಕ್ಕಿಯನ್ನು ಮೊದಲೇ ನೆನೆಸಿ, ಒಂದು ಕುದಿ ಬಂದ ಮೇಲೆ ಒಲೆ ಆರಿಸಿ ಬಿಗಿಯಾಗಿ ಮುಚ್ಚಿಟ್ಟು, ಅರ್ಧ ತಾಸು ಬಿಟ್ಟು ಮತ್ತೆ ಬೇಯಿಸಿದರೆ ಗ್ಯಾಸ್ ಉಳಿಯುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ.

ಫೋನು, ಸುದ್ದಿ, ದುಡ್ಡು

ಮೊಬೈಲ್ ಟವರುಗಳಲ್ಲಿ ಬ್ಯಾಟರಿ ಇರುತ್ತದೆ, ಆದರೆ ಅದು ಕೆಲವು ತಾಸುಗಳದ್ದು. ಸಿಗ್ನಲ್ ಕ್ಷೀಣಿಸಿದಾಗ ಫೋನು ಟವರ್ ಹುಡುಕುತ್ತಾ ತಾನೇ ಬ್ಯಾಟರಿ ತಿನ್ನುತ್ತದೆ. ಮನೆಯಲ್ಲಿ ನಾಲ್ಕು ಫೋನಿದ್ದರೆ ಮೂರನ್ನು ಆಫ್ ಮಾಡಿ, ಒಂದನ್ನು ಮಾತ್ರ ಇಟ್ಟುಕೊಳ್ಳಿ. ಅದನ್ನೂ ಫ್ಲೈಟ್ ಮೋಡ್‌ನಲ್ಲಿಟ್ಟು ತಾಸಿಗೊಮ್ಮೆ ಐದು ನಿಮಿಷ ತೆರೆದರೆ ಸಾಕು. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುತ್ತದೆ. ಹತ್ತು ಸಾವಿರ ಎಂಎಎಚ್ ಪವರ್‌ಬ್ಯಾಂಕ್ ಇಂದಿನ ಫೋನನ್ನು ಒಂದು ಸಲ ಪೂರ್ತಿ, ಎರಡನೇ ಸಲ ಸ್ವಲ್ಪ ತುಂಬಿಸುತ್ತದೆ, ಅಷ್ಟೇ. ಕಾರಿನಲ್ಲಿ ಚಾರ್ಜ್ ಮಾಡುವುದಾದರೆ ಕಾರು ಬಯಲಿನಲ್ಲಿರಲಿ.

ಬ್ಯಾಟರಿ ರೇಡಿಯೊ ಒಂದು ಮನೆಯಲ್ಲಿರಲಿ. ಮಂಗಳೂರು ಆಕಾಶವಾಣಿ ಎಫ್‌ಎಂ 100.3ರಲ್ಲಿ ಸಿಗುತ್ತದೆ. ಸ್ಪೇನ್‌ನಲ್ಲಿ ಆ ದಿನ ಜನ ಅಂಗಡಿಗಳಲ್ಲಿ ಹುಡುಕಿಕೊಂಡು ಹೋದ ವಸ್ತುಗಳಲ್ಲಿ ಇಂಥ ಹಳೆಯ ರೇಡಿಯೊವೂ ಒಂದು. ಸೈಬರ್ ದಾಳಿ ಎಂಬ ಗುಲ್ಲೂ ಅಂದೇ ಎದ್ದಿತು. ತನಿಖೆಯಲ್ಲಿ ಕಂಡದ್ದು ವೋಲ್ಟೇಜ್ ಹದ್ದುಮೀರಿ ಏರಿ ಒಂದರ ಹಿಂದೊಂದು ಘಟಕ ಕಳಚಿದ ಕಥೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ "ಇನ್ನು ಮೂರು ದಿನ ಇಲ್ಲವಂತೆ" ಎಂಬ ಧ್ವನಿಮುದ್ರಿಕೆ ಖಂಡಿತ ಬರುತ್ತದೆ. ಕೊನೆಯಲ್ಲಿ "ಅಂತೆ" ಇದ್ದರೆ ಮುಂದೆ ಕಳಿಸಬೇಡಿ ಮಾರಾಯ್ರೆ.

ಯುಪಿಐ ನಂಬಿ ಜೇಬು ಖಾಲಿ ಇಟ್ಟುಕೊಳ್ಳುವ ಕಾಲ ಇದು. ಮನೆಯ ಡಬ್ಬದಲ್ಲಿ ಎರಡು ಮೂರು ಸಾವಿರ ರೂಪಾಯಿ, ಅದರಲ್ಲಿ ಹೆಚ್ಚಿನದು ಐವತ್ತು, ನೂರರ ನೋಟು. ಐನೂರಕ್ಕೆ ಚಿಲ್ಲರೆ ಆ ದಿನ ಯಾರಲ್ಲೂ ಇರುವುದಿಲ್ಲ.

ಮದ್ದು ಮತ್ತು ಉಸಿರಾಟದ ಯಂತ್ರ ಇರುವ ಮನೆ

ಇಲ್ಲಿ ಮಾತ್ರ ಕಾದು ನೋಡೋಣ ಎಂಬ ಮಾತು ಸಲ್ಲದು. ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 300 ವ್ಯಾಟ್ ಎಳೆಯುತ್ತದೆ, ಮೇಲೆ ಹೇಳಿದ ಇನ್ವರ್ಟರ್ ಅದನ್ನು ನಾಲ್ಕು ತಾಸಿಗಿಂತ ಹೆಚ್ಚು ತಾಳಲಾರದು. ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಅದು ಎಷ್ಟು ತಾಸಿಗೆ ಬರುತ್ತದೆ ಎಂದು ಕೊಟ್ಟವರಲ್ಲೇ ಕೇಳಿ ಬರೆದಿಡಿ. ಅರ್ಧ ಮುಗಿಯುವ ಹೊತ್ತಿಗೆ, ಮುಗಿದ ಮೇಲಲ್ಲ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಡಯಾಲಿಸಿಸ್ ದಿನವಾಗಿದ್ದರೆ ಬೆಳಿಗ್ಗೆಯೇ ಕೇಂದ್ರಕ್ಕೆ ಫೋನ್ ಮಾಡಿ.

ತೆರೆದು ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಕೋಣೆಯ ಉಷ್ಣತೆಯಲ್ಲಿ ನಾಲ್ಕು ವಾರ ತಡೆಯುತ್ತದೆ, ಉಷ್ಣತೆ 30 ಡಿಗ್ರಿಯೊಳಗೆ ಇದ್ದರೆ. ಪೊಟ್ಟಣದ ಚೀಟಿ ನೋಡಿಕೊಳ್ಳಿ, ಕೆಲವಕ್ಕೆ ಮಿತಿ ಇನ್ನೂ ಕಡಿಮೆ. ಮೇ ತಿಂಗಳಲ್ಲಿ ನಮ್ಮಲ್ಲಿ ಆ ಮಿತಿ ಸುಲಭವಾಗಿ ದಾಟುತ್ತದೆ. ಒದ್ದೆ ಮಣ್ಣಿನ ಮಡಕೆಯೊಳಗೆ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ. ಗಾಳಿಯೇ ತೇವಗೊಂಡಿರುವ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಈ ಉಪಾಯ ಅಷ್ಟು ಫಲಿಸದು, ಆದರೆ ಆಗ ಸೆಖೆಯೂ ಕಡಿಮೆ. ಮಂಜುಗಡ್ಡೆಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಮೇಲಿನ ಮಹಡಿಯಲ್ಲೋ ತೋಟದ ಮಧ್ಯದಲ್ಲೋ ಒಬ್ಬರೇ ಇರುವ ಹಿರಿಯರು ನಮ್ಮ ಪ್ರತಿ ಕೇರಿಯಲ್ಲೂ ಇದ್ದಾರೆ. ಸಂಜೆಯೊಳಗೆ ಒಮ್ಮೆ ಹೋಗಿ ಬನ್ನಿ, ಹೋಗುವಾಗ ಒಂದು ಕೊಡ ನೀರು ಹಿಡಿದುಕೊಳ್ಳಿ.

ರಾತ್ರಿ

ಮೇಣದಬತ್ತಿಗಿಂತ ಟಾರ್ಚ್ ಒಳ್ಳೆಯದು. ನೈಲಾನ್ ಸೊಳ್ಳೆಪರದೆಯ ಪಕ್ಕ ಮೇಣದಬತ್ತಿ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ. ಪರದೆ ಮಾತ್ರ ಬೇಕು. ಮಂಗಳೂರು ಮಲೇರಿಯಾ ಕಂಡ ಊರು, ಗೋಡೆಗೆ ಚುಚ್ಚುವ ಸೊಳ್ಳೆ ಮದ್ದು ಆ ರಾತ್ರಿ ಕೆಲಸ ಮಾಡದು. ಹೊರಗಿನ ಬಚ್ಚಲಿಗೆ ಹೋಗುವಾಗ ಟಾರ್ಚ್ ನೆಲಕ್ಕೆ ಹಿಡಿದು, ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಮಳೆಗೆ ಬಿಲ ಬಿಟ್ಟ ಹಾವುಗಳು ಮೆಟ್ಟಿಲ ಬದಿಗೆ ಬಂದಿರುತ್ತವೆ.

ಬಿದ್ದ ತಂತಿ

ಬಿದ್ದ ತಂತಿಗೆ ಜೀವ ಇದೆ ಎಂದೇ ತಿಳಿಯಬೇಕು. ಊರಿಡೀ ಕರೆಂಟ್ ಇಲ್ಲದಿದ್ದರೂ ಸರಿ, ಮರುಕ್ಷಣ ಫೀಡರ್ ಚಾರ್ಜ್ ಮಾಡಿದರೆ ಅದು ಎಚ್ಚರಗೊಳ್ಳುತ್ತದೆ. ಕನಿಷ್ಠ ಹತ್ತು ಮೀಟರ್ ದೂರ ನಿಂತು ಬೇರೆಯವರನ್ನೂ ತಡೆದು 1912 ಅಥವಾ 112ಕ್ಕೆ ಕರೆ ಮಾಡಿ. ಒದ್ದೆ ನೆಲದಲ್ಲಿ ಕರೆಂಟ್ ಸುತ್ತಲೂ ಹರಡುತ್ತದೆ. ಎರಡು ಪಾದಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಜೀವ ತೆಗೆಯಬಲ್ಲದು. ಹತ್ತಿರ ಸಿಕ್ಕಿಬಿದ್ದಿದ್ದರೆ ಓಡಬೇಡಿ, ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು ನೆಲದಿಂದ ಎತ್ತದೆ ಜರುಗುತ್ತಾ ದೂರ ಹೋಗಿ. ಕಾರಿನ ಮೇಲೆ ತಂತಿ ಬಿದ್ದರೆ ಕಾರಿನೊಳಗೇ ಇರಿ. ಬೆಂಕಿ ಹತ್ತಿಕೊಂಡರೆ ಮಾತ್ರ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹೊರಗೆ ಹಾರಬೇಕು.

ನಮ್ಮ ಕಡೆಯ ವಿಶೇಷ ಅಪಾಯ ಮೂರು. ಒಂದು, ಅಡಿಕೆ ತೋಟದ ತಂತಿ ಬೇಲಿ: ಎಲ್ಲೋ ಬೇಲಿಯ ಮೇಲೆ ಬಿದ್ದ ವಿದ್ಯುತ್ ತಂತಿ ಬೇಲಿಯುದ್ದಕ್ಕೂ ಕರೆಂಟ್ ಹರಿಸುತ್ತದೆ. ಎರಡು, ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಕಬ್ಬಿಣದ ತಂತಿ. ಅದರ ಬದಲು ಪ್ಲಾಸ್ಟಿಕ್ ಹಗ್ಗ ಕಟ್ಟಿ, ಇವತ್ತೇ. ಮೂರು, ಅಲ್ಯೂಮಿನಿಯಂ ದೋಟಿ. ಹೇಗೂ ಕರೆಂಟ್ ಇಲ್ಲವಲ್ಲ, ತಂತಿಗೆ ತಾಗುವ ಕೊಂಬೆಯನ್ನು ನಾವೇ ಎಳೆದುಬಿಡೋಣ ಎಂದು ಹೊರಡುವ ಉತ್ಸಾಹಿಗಳಿಗೆ ಮನೆಯವರು ಅಡ್ಡ ನಿಲ್ಲಬೇಕು. ಮಡಲು ತೆಗೆಯುವುದು ಪವರ್‌ಮ್ಯಾನ್‌ಗಳ ಕೆಲಸ, ಅವರು ಲೈನನ್ನು ಬೇರ್ಪಡಿಸಿ ಅರ್ತ್ ಮಾಡಿ ಮೇಲೆ ಹತ್ತುತ್ತಾರೆ.

ಪತ್ತನಾಜೆಯೊಳಗೆ ಮಾಡಿಡುವ ಕೆಲಸ

ಮೇ 24–25ರ ಪತ್ತನಾಜೆಗೆ ಕೋಲಗಳು ಮುಗಿಯುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗೆ ಸೌದೆ, ಹಪ್ಪಳ ಕೂಡಿಡುವ ಆ ಹೊತ್ತಿಗೇ ಇದನ್ನೂ ಸೇರಿಸಿ: ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್ಲಿನ ಬಿಳಿ ಬೂಷ್ಟು ತೆಗೆಯುವುದು, ಬಾವಿಯ ಹಗ್ಗ, ಟಾರ್ಚ್ ಸೆಲ್ಲು, ಒಂದು ತುಂಬಿದ ಗ್ಯಾಸ್ ಸಿಲಿಂಡರ್, ಎರಡು ವಾರದ ಮಾತ್ರೆ, ಮುಖ್ಯ ನಂಬರುಗಳನ್ನು ಬರೆದ ಒಂದು ಕಾಗದ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅದರಲ್ಲಿರಲಿ. ಮನೆಯ ಮೇಲೆ ಬಾಗಿದ ಮರ ಇದ್ದರೆ ಈಗಲೇ ಅರ್ಜಿ ಕೊಡಿ.

ಕರೆಂಟ್ ಬಂದಾಗ

ಬಲ್ಬ್ ಉರಿದ ಕೂಡಲೇ ಕೇರಿಯಲ್ಲೆಲ್ಲ "ಬಂತು!" ಎಂಬ ಕೂಗು. ಎಲ್ಲರೂ ಒಂದೇ ಕ್ಷಣಕ್ಕೆ ಪಂಪ್, ಗೀಸರ್, ಏಸಿ ಹಾಕುತ್ತಾರೆ, ತಂಪು ಕಳೆದುಕೊಂಡ ಫ್ರಿಜ್ಜುಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ. ಮಾಮೂಲಿಗಿಂತ ಎಷ್ಟೋ ಪಾಲು ಹೆಚ್ಚು ಭಾರ ಬಿದ್ದು ಫೀಡರ್ ಮತ್ತೆ ಟ್ರಿಪ್ ಆಗುತ್ತದೆ. ಬಂದು ಐದೇ ನಿಮಿಷಕ್ಕೆ ಹೋಗುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಮೊದಲು ಆ ಒಂದು ಬಲ್ಬನ್ನು ಗಮನಿಸಿ. ಮಂಕಾಗಿ ಉರಿದರೆ ವೋಲ್ಟೇಜ್ ಇಲ್ಲ, ಮೋಟಾರುಗಳನ್ನು ಮುಟ್ಟಬೇಡಿ. ಕಣ್ಣು ಕುಕ್ಕುವಷ್ಟು ಪ್ರಖರವಾಗಿದ್ದರೆ, ಫ್ಯಾನು ಹುಚ್ಚೆದ್ದು ತಿರುಗಿದರೆ, ತಕ್ಷಣ ಮೇನ್ ಆಫ್ ಮಾಡಿ 1912ಕ್ಕೆ ತಿಳಿಸಿ. ನ್ಯೂಟ್ರಲ್ ತುಂಡಾದಾಗ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಬರಬಹುದು, ಬೀದಿಯ ಟಿವಿಗಳೆಲ್ಲ ಒಂದೇ ಸಲ ಸುಡುವುದು ಹೀಗೆ. ಮರ ಬಿದ್ದು ತಂತಿ ಜೋಡಿಸಿದ ಮೇಲೆ ಈ ಪರೀಕ್ಷೆ ಬಿಡಲೇಬಾರದು.

ಬೆಳಕು ಸರಿಯಿದ್ದರೆ ಹತ್ತು ನಿಮಿಷ ಕಾದು ಫ್ರಿಜ್, ಇನ್ನೂ ಹತ್ತು ನಿಮಿಷ ಬಿಟ್ಟು ಪಂಪ್, ಎಲ್ಲಕ್ಕಿಂತ ಕೊನೆಗೆ ಗೀಸರ್ ಮತ್ತು ಏಸಿ. ದೊಡ್ಡ ನಿಲುಗಡೆಯ ನಂತರದ ಮೊದಲ ದಿನ ಎರಡು ಮೂರು ಸಲ ಹೋಗಿ ಬಂದು ಮಾಡುವುದು ಸಾಮಾನ್ಯ. ಹಾಗಾಗಿ ಬಂದ ಮೊದಲ ತಾಸಿನಲ್ಲೇ ಮೇಲಿನ ಟ್ಯಾಂಕ್, ಕೊಡಪಾನ, ಫೋನು, ಪವರ್‌ಬ್ಯಾಂಕ್ ತುಂಬಿಸಿಕೊಳ್ಳಿ. ಬಟ್ಟೆ ಒಗೆಯುವ ಮಿಷಿನ್ ನಾಳೆಗಿರಲಿ.